ಮುಖ್ಯರಸ್ತೆಯ ಮೇಲಿನ ಮನೆ

ಭಾನುವಾರ ಬೆಳಗಿನ ಹತ್ತು ಗಂಟೆಯ ಸುಮಾರಿಗೆ, ಬೆಂಗಳೂರಿನ ಯಾವುದಾದರೊಂದು ಬಡಾವಣೆಯ ಮುಖ್ಯರಸ್ತೆಯಲ್ಲಿ, ಬೀಗ ಹಾಕಿದ ಗೇಟಿನ ಮುಂದೆ ಒಂದು ಕುಟುಂಬ ನಿಂತಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬ್ರೋಕರು ಗೊಂಚಲಿನಿಂದ ಒಂದು ಬೀಗದ ಕೈಯನ್ನು ಹುಡುಕಿ ತೆಗೆಯುತ್ತಾನೆ. ಮನೆಯ ಹಿರಿಯರು ಬಾಗಿಲು ಯಾವ ದಿಕ್ಕಿಗಿದೆಯೆಂದು ಸೂರ್ಯನನ್ನು ನೋಡಿ ನಿಶ್ಚಯಿಸಿಕೊಳ್ಳುತ್ತಾರೆ. ಸೊಸೆ ಅಡಿಗೆಮನೆಯ ಕಟ್ಟೆಯ ಎತ್ತರವನ್ನೂ ಮಗ ಕಾರು ನಿಲ್ಲತಕ್ಕ ಜಾಗವನ್ನೂ ಪರೀಕ್ಷಿಸುತ್ತಾರೆ. "ಮೇನ್ ರೋಡ್ ಪ್ರಾಪರ್ಟಿ ಸಾರ್, ಕೆಳಗೆ ಎರಡು ಅಂಗಡಿ ಹಾಕಿಬಿಟ್ಟರೆ ಬ್ಯಾಂಕಿನ ಕಂತು ಅದರಲ್ಲೇ ಹೋಗುತ್ತೆ" ಎಂದು ಬ್ರೋಕರು ಹೇಳುವ ಹೊತ್ತಿಗೆ ಎದುರಿನ ರಸ್ತೆಯಲ್ಲಿ ಒಂದು ಬಸ್ಸು ಹೋಗುತ್ತದೆ, ನಾಲ್ಕಾರು ಸ್ಕೂಟರುಗಳು ಹೋಗುತ್ತವೆ, ಮತ್ತೆ ನಿಶ್ಶಬ್ದ. ಅಂದು ಶಾಲೆಗಳಿಲ್ಲ, ಕಚೇರಿಗಳಿಲ್ಲ. ವಾರವೆಲ್ಲ ಕುದಿಯುವ ಆ ರಸ್ತೆ ಅತ್ಯಂತ ಸೌಮ್ಯವಾಗಿರುವ ವೇಳೆಯಲ್ಲಿಯೇ ಅದನ್ನು ನೋಡಿ, ಜೀವಮಾನದ ಉಳಿತಾಯವನ್ನು ಎಲ್ಲಿ ತೊಡಗಿಸಬೇಕೆಂಬ ನಿರ್ಣಯವನ್ನು ನಮ್ಮ ಅನೇಕ ಕುಟುಂಬಗಳು ಕೈಗೊಳ್ಳುತ್ತವೆ. ಸಂಜೆಯೊಳಗೆ ಟೋಕನ್ ಅಡ್ವಾನ್ಸ್ ಕೈ ಬದಲಾಗಿರುತ್ತದೆ.

ಮನೆ ಕೊಳ್ಳುವಾಗ ನಾವು ಖಾತೆಯನ್ನು ನೋಡುತ್ತೇವೆ, ಋಣಭಾರ ಪತ್ರವನ್ನು ನೋಡುತ್ತೇವೆ, ನೀರಿನ ಸೌಕರ್ಯವನ್ನು ವಿಚಾರಿಸುತ್ತೇವೆ, ವಾಸ್ತುವಿಗೂ ಸಮಯ ಕೊಡುತ್ತೇವೆ. ಆದರೆ ಆ ಮನೆಯಲ್ಲಿ ಮಲಗುವವರ ನಿದ್ರೆ ಎಂಥದಾಗುವುದು, ಅವರು ಉಸಿರಾಡುವ ಗಾಳಿ ಎಂಥದು, ಹತ್ತು ವರ್ಷಗಳ ಮೇಲೆ ಗೇಟು ಈಗಿರುವಲ್ಲಿಯೇ ಇರುವುದೇ ಎಂಬ ಪ್ರಶ್ನೆಗಳನ್ನು ಕೇಳುವ ರೂಢಿ ಇನ್ನೂ ಬೆಳೆದಿಲ್ಲ. ಈ ಪ್ರಶ್ನೆಗಳಿಗೆ ಇಂದು ಸಾಕಷ್ಟು ಸ್ಪಷ್ಟವಾದ ಉತ್ತರಗಳುಂಟು.

ಹೆಚ್ಚಿನ ಬೆಲೆ ಯಾತಕ್ಕೆ?

ಐರೋಪ್ಯ ಮತ್ತು ಅಮೆರಿಕನ್ ನಗರಗಳಲ್ಲಿ, ಉಳಿದೆಲ್ಲ ಅನುಕೂಲಗಳೂ ಸಮವಾಗಿದ್ದರೆ, ಹೆದ್ದಾರಿಗೆ ಒತ್ತಿಕೊಂಡ ಮನೆಗೆ ಒಳಬೀದಿಯ ಮನೆಗಿಂತ ಸಾಮಾನ್ಯವಾಗಿ ಕಡಮೆ ಬೆಲೆ. ಗದ್ದಲವನ್ನು ಸಹಿಸುವವನಿಗೆ ಅಷ್ಟರಮಟ್ಟಿಗೆ ಹಣದ ರೂಪದಲ್ಲಿ ಪರಿಹಾರ ಸಿಕ್ಕಂತಾಗುತ್ತದೆ. ನಮ್ಮಲ್ಲಿ ವ್ಯವಹಾರ ಇದಕ್ಕೆ ಪ್ರತಿಲೋಮ. ಮುಖ್ಯರಸ್ತೆಯ ಸೈಟಿಗೇ ಹೆಚ್ಚು ಬೆಲೆ; ನೋಂದಣಿ ಇಲಾಖೆಯ ಮಾರ್ಗಸೂಚಿ ದರಗಳ ಪಟ್ಟಿಯಲ್ಲಿ ಕೂಡ ಮುಖ್ಯರಸ್ತೆಗೂ ಒಳಗಿನ ಅಡ್ಡರಸ್ತೆಗೂ ಬೇರೆ ಬೇರೆ ದರಗಳನ್ನು ಕಾಣಬಹುದು. ಹೀಗಾಗಿ ಕನ್ನಡನಾಡಿನ ಕೊಳ್ಳುವವನು ಶಬ್ದವನ್ನೂ ಹೊಗೆಯನ್ನೂ ಹೆಚ್ಚು ಹಣ ತೆತ್ತು ಮನೆಗೆ ತಂದುಕೊಳ್ಳುತ್ತಾನೆ.

ಇದಕ್ಕೆ ಚರಿತ್ರೆಯಲ್ಲಿ ಕಾರಣವುಂಟು. ನಮ್ಮ ಹಳೆಯ ಊರುಗಳಲ್ಲಿ ರಥಬೀದಿಯ ಮೇಲೆ ಮನೆಯಿರುವುದು ಒಂದು ಗೌರವ. ದೇವರ ಉತ್ಸವ ಬಾಗಿಲ ಮುಂದೆಯೇ ಸಾಗುತ್ತಿತ್ತು. ಜಗುಲಿಯ ಮೇಲೆ ಕುಳಿತವರಿಗೆ ಊರಿನ ಸಮಾಚಾರವೆಲ್ಲ ತಾನಾಗಿ ಬಂದು ಸೇರುತ್ತಿತ್ತು. 1898ರ ಪ್ಲೇಗಿನ ತರುವಾಯ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನರು ಬಸವನಗುಡಿ ಮಲ್ಲೇಶ್ವರಗಳ ಹೊಸ ಬಡಾವಣೆಗಳಿಗೆ ಬಂದಾಗ, ಅಗಲವಾದ ರಸ್ತೆಯೆಂದರೆ ಗಾಳಿ ಬೆಳಕು, ಆರೋಗ್ಯ ಎಂದೇ ಅರ್ಥವಾಗಿತ್ತು; ಆ ಕಾಲಕ್ಕೆ ಅದು ಸತ್ಯವೂ ಆಗಿತ್ತು. ಮಲ್ಲೇಶ್ವರದ ಸಂಪಿಗೆ ರಸ್ತೆ ಮಾರ್ಗೋಸಾ ರಸ್ತೆಗಳು ಮರದ ಹೆಸರನ್ನು ಹೊತ್ತುದು ವೃಥಾ ಅಲ್ಲ. ಇಂದು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ರಸ್ತೆಯ ಸ್ವಭಾವ ಸಂಪೂರ್ಣವಾಗಿ ಬದಲಾಯಿತು. ರಸ್ತೆಯ ಮೇಲಿನ ನಮ್ಮ ಗೌರವ ಮಾತ್ರ ಅಂದಿನಂತೆಯೇ ಉಳಿಯಿತು.

ಹಾಗಾದರೆ ಆ ಹೆಚ್ಚಿನ ಬೆಲೆ ಸುಳ್ಳೆ? ಸುಳ್ಳಲ್ಲ. ಅದು ಅಂಗಡಿಯ ಬೆಲೆ. ಔಷಧದ ಅಂಗಡಿಗೋ ಬೇಕರಿಗೋ ಬ್ಯಾಂಕಿನ ಶಾಖೆಗೋ ಬಾಡಿಗೆಗೆ ಕೊಡುವವನಿಗೆ ಆ ಬೆಲೆಯ ಪ್ರತಿಯೊಂದು ರೂಪಾಯಿಯೂ ಹಿಂದಕ್ಕೆ ಬರುತ್ತದೆ. ವಾಸಕ್ಕೆಂದು ಕೊಳ್ಳುವವನು ಅದೇ ಬೆಲೆಯನ್ನು ತೆತ್ತರೆ ತನಗೆ ಬೇಡದ ಗುಣಕ್ಕಾಗಿ ಹಣ ಕೊಟ್ಟಂತೆ.

ಕಿವಿಗೆ ರೂಢಿಯಾಗುವುದು, ದೇಹಕ್ಕಾಗದು

ಶಬ್ದವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುವರು. ಈ ಮಾನದ ಲೆಕ್ಕ ನಮ್ಮ ಸಾಮಾನ್ಯ ಲೆಕ್ಕದಂತಲ್ಲ: ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. 2000ದಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮೀರಕೂಡದು. ಮನೆಯ ಮುಂದಿನ ರಸ್ತೆಯಲ್ಲಿ 70 ಡೆಸಿಬೆಲ್ ಇದೆಯೆಂದರೆ, ಹಗಲಿನ ಮಿತಿಗಿಂತ ಮೂವತ್ತು ಪಟ್ಟಿಗೂ ಮಿಗಿಲಾದ ಶಕ್ತಿಯ ಶಬ್ದ ಆ ಗೋಡೆಗೆ ಬಡಿಯುತ್ತಿದೆಯೆಂದು ತಿಳಿಯಬೇಕು.

"ಮೊದಲು ನಾಲ್ಕು ದಿನ ಕಷ್ಟ, ಆಮೇಲೆ ರೂಢಿಯಾಗಿಬಿಡುತ್ತೆ" ಎಂಬುದು ಮುಖ್ಯರಸ್ತೆಯವರೆಲ್ಲರ ಅನುಭವದ ಮಾತು. ಅದರಲ್ಲಿ ಅರ್ಧ ಸತ್ಯವಿದೆ. ಮನಸ್ಸು ಆ ಶಬ್ದವನ್ನು ಲಕ್ಷಿಸದೆ ಬಿಡಲು ಕಲಿಯುತ್ತದೆ, ನಿಜ. ಆದರೆ ನಿದ್ರಿಸುವವನ ಶರೀರ ಪ್ರತಿಯೊಂದು ಲಾರಿಯ ಸದ್ದಿಗೂ ಎಚ್ಚರದ ಹಂತದತ್ತ ಒಂದಿಷ್ಟು ಏಳುತ್ತದೆ, ಎದೆಯ ಬಡಿತ ಚುರುಕಾಗುತ್ತದೆ, ರಕ್ತದೊತ್ತಡ ಕ್ಷಣಕಾಲ ಏರಿ ಇಳಿಯುತ್ತದೆ, ಬೆಳಿಗ್ಗೆ ಎದ್ದವನಿಗೆ ಇದಾವುದರ ನೆನಪೂ ಇರುವುದಿಲ್ಲ. ವರ್ಷಾನುವರ್ಷ ನಡೆಯುವ ಈ ಏರಿಳಿತಕ್ಕೂ ಹೃದ್ರೋಗಕ್ಕೂ ಸಂಬಂಧವಿದೆಯೆಂಬ ಆಧಾರಗಳನ್ನೂ ಪರಿಗಣಿಸಿ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯೂರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ರಸ್ತೆಯ ಶಬ್ದ ದಿನದ ಸರಾಸರಿಯಲ್ಲಿ 53, ರಾತ್ರಿಯಲ್ಲಿ 45 ಡೆಸಿಬೆಲ್ಲಿಗಿಂತ ಕೆಳಗಿರಬೇಕೆಂದು ಬಲವಾಗಿ ಹೇಳಿತು. ಅದಕ್ಕೂ ಮೊದಲು, 1999ರಲ್ಲಿ, ಸುಖನಿದ್ರೆಗೆ ಮಲಗುವ ಕೋಣೆಯೊಳಗೆ 30 ಡೆಸಿಬೆಲ್ ಮೀರಬಾರದೆಂದು ಅದೇ ಸಂಸ್ಥೆ ಸೂಚಿಸಿತ್ತು. ತೆರೆದ ಕಿಟಕಿ ಹೊರಗಿನ ಶಬ್ದವನ್ನು ಹತ್ತರಿಂದ ಹದಿನೈದು ಡೆಸಿಬೆಲ್ಲಿನಷ್ಟು ಮಾತ್ರ ತಡೆಯಬಲ್ಲದು. ಮುಚ್ಚಿದ ಸಾಧಾರಣ ಕಿಟಕಿ ಇಪ್ಪತ್ತೈದರ ಆಸುಪಾಸು. ವರ್ಷದ ಹೆಚ್ಚು ಕಾಲ ಕಿಟಕಿ ತೆರೆದೇ ಮಲಗುವ ನಮ್ಮಂಥವರ ನಾಡಿನಲ್ಲಿ ಈ ಲೆಕ್ಕದ ಫಲವೇನೆಂದು ಓದುಗರೇ ಊಹಿಸಬಹುದು.

ಬೆಂಗಳೂರಿಗೆ ವಿಶೇಷವಾದ ಮತ್ತೊಂದು ಸಂಗತಿಯುಂಟು. ಹಗಲಿನ ನಿಗದಿತ ವೇಳೆಗಳಲ್ಲಿ ಭಾರಿ ಸರಕು ವಾಹನಗಳಿಗೆ ನಗರದೊಳಗೆ ಪ್ರವೇಶವಿಲ್ಲದ ಕಾರಣ ಜಲ್ಲಿ, ಮರಳು, ಸಿಮೆಂಟು, ಕಬ್ಬಿಣ ಹೊತ್ತ ಲಾರಿಗಳೆಲ್ಲ ರಾತ್ರಿಯಲ್ಲಿ ಸಂಚರಿಸುತ್ತವೆ. ಆದ್ದರಿಂದ ಹಗಲು ಸಹ್ಯವೆನಿಸಿದ ರಸ್ತೆ ಮಧ್ಯರಾತ್ರಿಯಲ್ಲಿ ಹೆಚ್ಚು ಕಠೋರವಾಗಿರುವುದುಂಟು. ಮನೆಯ ಮುಂದೆ ಹಂಪು ಇದ್ದರಂತೂ, ತುಂಬಿದ ಲಾರಿ ಅಲ್ಲಿ ಬ್ರೇಕು ಒತ್ತುವ ಉಸ್ಸೆಂಬ ಸದ್ದು, ಹಿಂದಿನ ಗಾಲಿಗಳು ಹಾರಿ ಇಳಿಯುವಾಗ ಹಲಗೆಗಳು ಬಡಿದುಕೊಳ್ಳುವ ಸದ್ದು, ಮತ್ತೆ ಗೇರು ಬದಲಿಸಿ ಎಂಜಿನ್ನು ಏರುವ ಸದ್ದು, ಹೀಗೆ ಒಂದೊಂದು ಲಾರಿಯೂ ಮೂರು ಸಲ ಎಬ್ಬಿಸಿ ಹೋಗುತ್ತದೆ. ಸಿಗ್ನಲ್ಲಿನ ಬಳಿಯ ಮನೆ, ಬಸ್ ಸ್ಟಾಪಿನ ಎದುರಿನ ಮನೆ, ಏರುದಾರಿಯ ಮೇಲಿನ ಮನೆ ಇವೆಲ್ಲ ಇದೇ ವರ್ಗಕ್ಕೆ ಸೇರಿದವು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶಗಳಲ್ಲಿ ಹಾರ್ನ್ ಮಾಡಕೂಡದೆಂದು ಸರ್ವೋಚ್ಚ ನ್ಯಾಯಾಲಯ 2005ರಷ್ಟು ಹಿಂದೆಯೇ ಆದೇಶಿಸಿದೆ. ಆ ಆದೇಶವನ್ನು ನಂಬಿ ಮನೆ ಕೊಳ್ಳಿರೆಂದು ಹೇಳುವ ಧೈರ್ಯ ನನಗಿಲ್ಲ.

"ಮೆಟ್ರೋ ಬಂದಮೇಲೆ ವಾಹನ ಕಡಮೆಯಾಗುತ್ತೆ" ಎಂಬ ಸಮಾಧಾನವನ್ನೂ ಕೇಳುತ್ತೇವೆ. ವಾಹನಗಳು ಅರ್ಧಕ್ಕೆ ಇಳಿದರೂ ಶಬ್ದ ಇಳಿಯುವುದು ಕೇವಲ 3 ಡೆಸಿಬೆಲ್. ಅದು ಕಿವಿಗೆ ಹೌದೋ ಅಲ್ಲವೋ ಎಂಬಷ್ಟು ಅಲ್ಪ.

ದೂರ ಮಾಡುವ ಉಪಕಾರ ಇದಕ್ಕಿಂತ ದೊಡ್ಡದು. ಬಯಲಿನಲ್ಲಿ ರಸ್ತೆಯಿಂದಿರುವ ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ನಡುವೆ ಒಂದು ಸಾಲು ಮನೆಗಳು ಒತ್ತಾಗಿ ನಿಂತಿದ್ದರೆ ಆ ಗೋಡೆಗಳೇ ತಡೆಯಾಗಿ ಇನ್ನೂ ಹೆಚ್ಚು ಇಳಿಯುತ್ತದೆ. ಮುಖ್ಯರಸ್ತೆಯಿಂದ ಎರಡನೆಯ ಸಾಲಿನಲ್ಲಿರುವ ಮನೆ, ನಡಿಗೆಯಲ್ಲಿ ಒಂದು ನಿಮಿಷದಷ್ಟು ದೂರವೂ ಇರದೆ, ಶಬ್ದದ ದೃಷ್ಟಿಯಿಂದ ಬೇರೆಯೇ ಲೋಕದಲ್ಲಿರುತ್ತದೆ.

ಗಾಳಿಯಲ್ಲಿ ಬೆರೆತದ್ದು

ಖಾಲಿಯಿರುವ ಮುಖ್ಯರಸ್ತೆಯ ಮನೆಯನ್ನು ನೋಡಲು ಹೋದವರು ಕಿಟಕಿಯ ಚೌಕಟ್ಟಿನ ಮೇಲೆ ಒಮ್ಮೆ ಬೆರಳಾಡಿಸಿ ನೋಡಬೇಕು. ನಮ್ಮ ಕೆಮ್ಮಣ್ಣಿನ ಧೂಳಾದರೆ ಊದಿದರೆ ಹಾರುವುದು, ಒರೆಸಿದರೆ ಹೋಗುವುದು. ರಸ್ತೆಯ ಮಸಿ ಹಾಗಲ್ಲ; ಅದು ಕಪ್ಪಾಗಿ, ಜಿಡ್ಡಾಗಿ ಬೆರಳಿನ ಗೆರೆಗಳಿಗೆ ಹತ್ತಿಕೊಂಡು ಸೋಪಿಗೂ ಬೇಗ ಬಿಡದು. ಡೀಸೆಲ್ ಹೊಗೆಯ ಇಂಗಾಲ, ಟೈರಿನ ಸವೆತ, ಬ್ರೇಕಿನ ಲೋಹದ ಪುಡಿ ಇವೆಲ್ಲ ಅದರಲ್ಲಿರುತ್ತವೆ. ಕಣ್ಣಿಗೆ ಕಾಣುವ ಈ ಮಸಿಗಿಂತಲೂ ಕಾಣದ ಕಣಗಳೇ ಹೆಚ್ಚು ಅಪಾಯಕರ. ಅವು ಶ್ವಾಸಕೋಶದ ಆಳಕ್ಕಿಳಿದು, ಅತಿಸೂಕ್ಷ್ಮವಾದವು ರಕ್ತಕ್ಕೂ ಸೇರಬಲ್ಲವು. ಪಿಎಂ 2.5 ಎಂದು ಕರೆಯುವ ಕಣಗಳ ವಾರ್ಷಿಕ ಮಿತಿ ನಮ್ಮ ದೇಶದಲ್ಲಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5.

ರಸ್ತೆಯ ಗಾಳಿ ಎಷ್ಟು ದೂರದವರೆಗೆ ಕೆಟ್ಟದ್ದು ಎಂಬ ಪ್ರಶ್ನೆಯನ್ನು ಜಗತ್ತಿನ ಅನೇಕ ಕಡೆ ಪರಿಶೀಲಿಸಿದ್ದಾರೆ. ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್ಸ್ಟಿಟ್ಯೂಟ್ 2010ರಲ್ಲಿ ಆವರೆಗಿನ ಸಂಶೋಧನೆಗಳನ್ನೆಲ್ಲ ಕ್ರೋಡೀಕರಿಸಿ, ದೊಡ್ಡ ರಸ್ತೆಯಿಂದ 300ರಿಂದ 500 ಮೀಟರುಗಳವರೆಗಿನ ಪಟ್ಟಿಯನ್ನು ಹೆಚ್ಚಿನ ಬಾಧೆಗೊಳಗಾದ ವಲಯವೆಂದು ಗುರುತಿಸಿತು. ಕ್ಯಾಲಿಫೋರ್ನಿಯಾ ರಾಜ್ಯವಂತೂ 2003ರಲ್ಲಿಯೇ ಹೆದ್ದಾರಿಯಿಂದ 500 ಅಡಿಗಳೊಳಗೆ ಹೊಸ ಶಾಲೆಗಳನ್ನು ಕಟ್ಟದಂತೆ ಶಾಸನ ಮಾಡಿತು. ಅದೇ ರಾಜ್ಯದ ದಕ್ಷಿಣ ಭಾಗದಲ್ಲಿ 3,677 ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಹೆದ್ದಾರಿಗೆ 500 ಮೀಟರಿನೊಳಗೆ ಬೆಳೆದ ಮಕ್ಕಳ ಶ್ವಾಸಕೋಶದ ಸಾಮರ್ಥ್ಯ ಒಂದೂವರೆ ಕಿಲೋಮೀಟರಿನಾಚೆ ಬೆಳೆದವರಿಗಿಂತ ಕಡಮೆ ವೃದ್ಧಿಯಾಗಿದ್ದುದನ್ನು ತೋರಿಸಿತು. ಬಾಲ್ಯದಲ್ಲಿ ಬೆಳೆಯದೆ ಉಳಿದ ಶ್ವಾಸಕೋಶವನ್ನು ಮುಂದೆ ಬೆಳೆಸಿಕೊಳ್ಳುವುದು ದುಸ್ಸಾಧ್ಯ. ಈ ಒಂದು ಸಂಗತಿ ನನ್ನ ಮನಸ್ಸಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಭಾರವಾಗಿ ತೋರುತ್ತದೆ.

ವೃದ್ಧರ ವಿಚಾರದಲ್ಲಿ ಕೆನಡಾದ ಆಂಟಾರಿಯೋ ಪ್ರಾಂತದಲ್ಲಿ ಸುಮಾರು 66 ಲಕ್ಷ ಜನರ ದಾಖಲೆಗಳನ್ನು ನೋಡಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೊಡ್ಡ ರಸ್ತೆಯಿಂದ 50 ಮೀಟರಿನೊಳಗೆ ವಾಸಿಸುವವರಲ್ಲಿ ಮರೆವಿನ ರೋಗ, ದೂರದಲ್ಲಿ ವಾಸಿಸುವವರಿಗಿಂತ ಶೇಕಡಾ 7ರಷ್ಟು ಹೆಚ್ಚಾಗಿ ಕಂಡುದನ್ನು ವರದಿಮಾಡಿತು. ಇದು ಸಂಬಂಧವನ್ನು ತೋರಿಸುವುದೇ ಹೊರತು ರಸ್ತೆಯೇ ಕಾರಣವೆಂದು ಸಿದ್ಧಪಡಿಸುವುದಿಲ್ಲ. ಆದರೂ ದೂರ ಹೆಚ್ಚಿದಂತೆ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಇಳಿದುದು ಗಮನಾರ್ಹ.

ಚಳಿಗಾಲದ ಬೆಳಗಿನ ಜಾವದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಆಗ ನೆಲದ ಹತ್ತಿರದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳವಾಗಿ ಕೂತು ಹೊಗೆ ಮೇಲೇರದಂತೆ ತಡೆಯುತ್ತದೆ. ಲಾಸ್ ಏಂಜಲೀಸಿನ ಬಳಿ ಸೂರ್ಯೋದಯಕ್ಕೆ ಮುನ್ನ ಅಳೆದಾಗ ಹೆದ್ದಾರಿಯ ಅತಿಸೂಕ್ಷ್ಮ ಕಣಗಳು ಎರಡು ಕಿಲೋಮೀಟರಿನವರೆಗೂ ಹರಡಿದ್ದುವು. ನಿರ್ಮಲವೆಂದು ಭಾವಿಸಿ ನಾವು ಕಿಟಕಿಗಳನ್ನು ತೆರೆಯುವ ವೇಳೆಯೂ ಅದೇ.

2020ರ ಏಪ್ರಿಲ್ 1ರಿಂದ ಬಿಎಸ್ 6 ಮಾನದಂಡ ಜಾರಿಗೆ ಬಂದು ಹೊಸ ವಾಹನಗಳ ಹೊಗೆ ಕಡಮೆಯಾಗಿದೆ. ವಿದ್ಯುತ್ ಬಸ್ಸುಗಳೂ ಓಡುತ್ತಿವೆ. ಇದು ಸಂತೋಷದ ವಿಷಯ. ಟೈರು ಬ್ರೇಕುಗಳ ಧೂಳು, ರಸ್ತೆಯಿಂದೇಳುವ ಮಣ್ಣು ಇವು ಮಾತ್ರ ವಾಹನ ಯಾವುದಾದರೂ ಉಳಿಯತಕ್ಕವು.

ಎದುರು ಮನೆಯವರು ದೂರವಾಗುವ ಬಗೆ

ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರಯೋಜನೆಯ ಪ್ರಾಧ್ಯಾಪಕರು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, ಉಳಿದ ವಿಷಯಗಳಲ್ಲಿ ಒಂದನ್ನೊಂದು ಹೋಲುವ ಮೂರು ಬೀದಿಗಳನ್ನು ಆರಿಸಿಕೊಂಡು ಅಲ್ಲಿಯ ನಿವಾಸಿಗಳನ್ನು ವಿಚಾರಿಸಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ಮೊದಲ ಬೀದಿಯ ನಿವಾಸಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು, ಆರಕ್ಕೂ ಮಿಕ್ಕ ಪರಿಚಿತರು. ಕಡೆಯ ಬೀದಿಯವನಿಗೆ ಒಬ್ಬ ಸ್ನೇಹಿತನೂ ಪೂರ್ತಿಯಾಗಿಲ್ಲ, ಪರಿಚಿತರು ಮೂವರು. ವಿರಳ ಸಂಚಾರದ ಬೀದಿಯವರು ಬೀದಿಯನ್ನೆಲ್ಲ ತಮ್ಮದೆಂದು ಭಾವಿಸಿದರು. ಭಾರಿ ಸಂಚಾರದ ಬೀದಿಯವರಿಗೆ ತಮ್ಮ ಮನೆಯ ಗೋಡೆಯೇ ಎಲ್ಲೆಯಾಯಿತು. ಈ ವಿಚಾರವನ್ನು ವಿಸ್ತರಿಸಿ 1981ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಆಪಲ್‌ಯಾರ್ಡರು ಮರುವರ್ಷವೇ ಅಥೆನ್ಸ್ ನಗರದಲ್ಲಿ ವೇಗವಾಗಿ ಬಂದ ಕಾರಿಗೆ ಸಿಕ್ಕಿ ಮೃತಪಟ್ಟರು.

ನಮ್ಮ ನಗರಗಳಲ್ಲಿ ಇದನ್ನು ಕಾಣಲು ಅಧ್ಯಯನವೇ ಬೇಕಿಲ್ಲ. ಮೂರನೆಯ ಅಡ್ಡರಸ್ತೆಯಲ್ಲಿ ಎದುರು ಮನೆಯ ರಂಗೋಲಿಯ ಬಗೆಗೆ ಇಲ್ಲಿಂದಲೇ ಮಾತಾಡಬಹುದು. ಸಂಕ್ರಾಂತಿಯ ಎಳ್ಳುಬೆಲ್ಲದ ತಟ್ಟೆಯನ್ನು ಹಿಡಿದು ಹೆಣ್ಣುಮಕ್ಕಳು ತಾವೇ ಮನೆಮನೆಗೆ ಹೋಗಿಬರಬಹುದು. ವರ್ತುಲ ರಸ್ತೆಯ ಆಚೆಬದಿಯ ಮನೆ ಮಾಪನದಲ್ಲಿ ಐವತ್ತು ಮೀಟರಾದರೂ ಅಲ್ಲಿಗೆ ಎಳ್ಳುಬೆಲ್ಲ ಹೋಗುವುದಿಲ್ಲ. ಅಜ್ಜ ಒಬ್ಬರೇ ಹಾಲು ತರಲು ಹೋಗುವರೇ, ಏಳು ವರ್ಷದ ಮಗು ಗೇಟಿನ ಹೊರಗೆ ಆಡಬಹುದೇ ಎಂಬುದರ ಮೇಲೆ ಮನೆಯ ಜೀವನದ ಬಹುಭಾಗ ನಿಂತಿದೆ.

ರಸ್ತೆ ಅಗಲವಾದಾಗ

ಸಂಚಾರ ಹೆಚ್ಚಿದ ರಸ್ತೆ ಒಂದಲ್ಲ ಒಂದು ದಿನ ಅಗಲವಾಗಬೇಕೆನ್ನುತ್ತದೆ. 2007ರಲ್ಲಿ ಅನುಮೋದನೆ ಪಡೆದ ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನಿನಲ್ಲಿ ಅನೇಕ ರಸ್ತೆಗಳಿಗೆ ಈಗಿರುವುದಕ್ಕಿಂತ ಹೆಚ್ಚಿನ ಅಗಲವನ್ನು ಸೂಚಿಸಲಾಗಿದೆ. ಆ ಅಗಲ ನಿಮ್ಮ ಕಾಂಪೌಂಡಿನ ಒಳಗೆ ಎಷ್ಟು ಅಡಿ ಬರುವುದೆಂಬುದನ್ನು ಮುಂಗಡ ಕೊಡುವ ಮೊದಲೇ ಯೋಜನಾ ಪ್ರಾಧಿಕಾರದ ನಕ್ಷೆಯಲ್ಲಿ ನೋಡಿಕೊಳ್ಳತಕ್ಕದ್ದು. ಋಣಭಾರ ಪತ್ರದಲ್ಲಿ ಈ ಮಾಹಿತಿ ಇರುವುದಿಲ್ಲವೆಂಬುದನ್ನು ಹಲವರು ತಿಳಿಯರು. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ.

30×40 ಅಡಿಯ ಸೈಟಿನಲ್ಲಿ ಮುಂದಿನ ಎಂಟು ಹತ್ತು ಅಡಿ ಹೋಯಿತೆಂದರೆ ಹೋದದ್ದು ಬರಿಯ ನೆಲವಲ್ಲ. ಮೆಟ್ಟಿಲು, ನೀರಿನ ತೊಟ್ಟಿ, ಕಾರಿನ ಜಾಗ, ಮುಂಗೋಣೆಯ ಗೋಡೆ ಎಲ್ಲ ಆ ಪಟ್ಟಿಯಲ್ಲಿಯೇ ಇರುತ್ತವೆ. ಉಳಿದ ಮನೆಗೆ ಡಾಂಬರಿನ ಅಂಚು ಹೊಸಲಿನ ಬಳಿಗೇ ಬರುತ್ತದೆ. ಪರಿಹಾರವಾಗಿ ನಗದಿಗೆ ಬದಲು ಟಿಡಿಆರ್ ಎಂಬ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕಿನ ಪತ್ರವನ್ನು ಕೊಡುವ ಕ್ರಮವೂ ಉಂಟು. ಅದನ್ನು ಮಾರಿ ಹಣ ಮಾಡಿಕೊಳ್ಳುವುದು ಸಂಬಳದಾರ ಕುಟುಂಬಕ್ಕೆ ಸುಲಭದ ಕೆಲಸವಲ್ಲ. ಯೋಜನೆ ತಡವಾದರೆ ಸಂಕಟ ಬೇರೊಂದು ಬಗೆ: ಬೆಂಗಳೂರಿನ ಹೊರಗೆ ಪೆರಿಫೆರಲ್ ರಿಂಗ್ ರಸ್ತೆಗೆಂದು ಅಧಿಸೂಚಿತವಾದ ಜಮೀನಿನವರು ಹದಿನೈದು ವರ್ಷಗಳಿಗೂ ಮಿಕ್ಕಿ ಮಾರಲಾರದೆ ಕಟ್ಟಲಾರದೆ ಕಾದರು.

ಅಗಲವಾಗದ ರಸ್ತೆ ಮೇಲಕ್ಕೇರುವುದೂ ಉಂಟು. ಫ್ಲೈಓವರ್ ಬಂದರೆ ಶಬ್ದ ಮೊದಲ ಮಹಡಿಯ ಕಿಟಕಿಯ ಮಟ್ಟಕ್ಕೆ ಬರುತ್ತದೆ, ಕಂಬಗಳ ನೆರಳು ನೆಲಮಹಡಿಗೆ ಬೀಳುತ್ತದೆ. ಊರ ಹೊರಗೆ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ ಲೇಔಟಿನ ಸೈಟು ಕೊಳ್ಳುವವರು ಹೆದ್ದಾರಿಯ ನಡುಗೆರೆಯಿಂದ 40 ಮೀಟರಿನ ಕಟ್ಟಡ ರೇಖೆ, 75 ಮೀಟರಿನ ನಿಯಂತ್ರಣ ರೇಖೆ ಎಂಬ ಕಟ್ಟಳೆಗಳಿರುವುದನ್ನು ಅರಿತಿರಬೇಕು.

ಕೊಳ್ಳಲೇಬೇಕಾದರೆ

ಕೆಲವರಿಗೆ ಬೇರೆ ದಾರಿಯಿರುವುದಿಲ್ಲ. ಆಸ್ಪತ್ರೆಗೆ, ಬಸ್ಸಿಗೆ, ಉದ್ಯೋಗಕ್ಕೆ ಹತ್ತಿರವೆಂಬುದು ಸಣ್ಣ ಅನುಕೂಲವಲ್ಲ. ಅಂಥವರು ಆ ಮನೆಯ ಮುಂದೆ ವಾರದ ನಡುವಿನ ಒಂದು ರಾತ್ರಿ ಹನ್ನೊಂದರ ಮೇಲೆ ಅರ್ಧ ಗಂಟೆ, ಮತ್ತೊಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಅರ್ಧ ಗಂಟೆ ನಿಂತು ನೋಡಲಿ. ಮಲಗುವ ಕೋಣೆಯಲ್ಲಿ ಕಿಟಕಿ ತೆರೆದು ಸಹಜವಾದ ದನಿಯಲ್ಲಿ ಮಾತಾಡಿ ನೋಡಲಿ. ಫೋನಿನಲ್ಲಿ ಶಬ್ದ ಅಳೆಯುವ ಆ್ಯಪುಗಳು ನಿಖರವಲ್ಲದಿದ್ದರೂ ಎರಡು ಮನೆಗಳನ್ನು ಹೋಲಿಸಲು ಸಾಕು.

ಮಲಗುವ ಕೋಣೆಗಳು ಹಿಂಭಾಗದಲ್ಲಿದ್ದು ಮೆಟ್ಟಿಲು, ಸ್ನಾನದ ಮನೆ, ಉಗ್ರಾಣ ಮುಂದಿದ್ದರೆ ಆ ಮನೆ ಅರ್ಧ ಗೆದ್ದಂತೆ. ಮೇಲಿನ ಮಹಡಿಗಳಲ್ಲಿ ಧೂಳು ಕಡಮೆಯಾಗುತ್ತದೆ, ಶಬ್ದ ಅಷ್ಟಾಗಿ ಕಡಮೆಯಾಗದು. ಕಾಂಪೌಂಡಿನ ಮರೆ ತಪ್ಪಿದ ಮೇಲೆ ಹೆಚ್ಚುವುದೂ ಉಂಟು. ಬೇಲಿಗೆ ನೆಟ್ಟ ಒಂದು ಸಾಲು ಗಿಡ ಕಣ್ಣಿಗೆ ತಂಪೇ ಹೊರತು ಶಬ್ದವನ್ನು ತಡೆಯಲಾರದು. ಘನವಾದ, ಸಂದಿಲ್ಲದ ಗೋಡೆ ರಸ್ತೆಯನ್ನು ಮರೆಮಾಡುವಷ್ಟು ಎತ್ತರವಿದ್ದರೆ ನೆಲಮಹಡಿಗೆ ಸುಮಾರು 5 ಡೆಸಿಬೆಲ್ಲಿನಷ್ಟು ಉಪಕಾರ. ಎರಡು ಪದರದ ಗಾಜಿನ ಬಿಗಿಯಾದ ಕಿಟಕಿಗಳು ಕೆಲಸ ಮಾಡುತ್ತವೆ, ಆದರೆ ಮುಚ್ಚಿದಾಗ ಮಾತ್ರ. ಅದರೊಂದಿಗೆ ಫ್ಯಾನು, ಏರ್ ಕಂಡಿಷನರ್, ಕರೆಂಟಿನ ಬಿಲ್ಲು ಇವುಗಳ ಖರ್ಚನ್ನೂ ಬೆಲೆಗೆ ಸೇರಿಸಿ ಚೌಕಾಶಿ ಮಾಡಬೇಕು. ರಸ್ತೆ ನೇರವಾಗಿ ಬಂದು ಬಡಿಯುವ ಮನೆಯನ್ನು ವೀಥಿಶೂಲವೆಂದು ಹಿರಿಯರು ಬಿಡುತ್ತಿದ್ದರು. ರಾತ್ರಿಯ ಹೆಡ್‌ಲೈಟುಗಳನ್ನೂ ಹತೋಟಿ ತಪ್ಪಿದ ವಾಹನಗಳನ್ನೂ ನೆನೆದರೆ ಇಂದಿಗೂ ಅದು ಪಾಲಿಸತಕ್ಕ ಮಾತೇ.

ಹಸುಗೂಸುಗಳೋ ವೃದ್ಧರೋ ಉಬ್ಬಸದವರೋ ಹೃದ್ರೋಗಿಗಳೋ ಇರುವ ಮನೆಯವರು, ಲಾರಿ ಬಸ್ಸುಗಳು ಎಡೆಬಿಡದೆ ಓಡುವ ರಸ್ತೆಗೆ 50 ಮೀಟರಿನೊಳಗೆ ವಾಸಕ್ಕೆಂದು ಮನೆ ಕೊಳ್ಳಬಾರದು ಎಂಬುದು ಇದನ್ನೆಲ್ಲ ಪರ್ಯಾಲೋಚಿಸಿದ ಮೇಲೆ ನನಗೆ ಖಚಿತವಾದ ಅಭಿಪ್ರಾಯ. ಸಾಧ್ಯವಾದರೆ 300 ಮೀಟರು, ಆಗದಿದ್ದರೆ ಕನಿಷ್ಠ ಒಂದು ಸಾಲು ಮನೆಗಳಾದರೂ ನಡುವೆ ಇರಲಿ. ಮುಖ್ಯರಸ್ತೆಯ ಸೈಟಿಗೆ ಕೊಡಬೇಕೆಂದಿದ್ದ ಹೆಚ್ಚಿನ ಹಣದಲ್ಲಿ ಅಲ್ಲಿ ಒಂದು ಕೋಣೆಯನ್ನೇ ಹೆಚ್ಚಾಗಿ ಕಟ್ಟಿಸಿಕೊಳ್ಳಬಹುದು.